ಹುಬ್ಬಿನ ಬಣ್ಣ ಎಷ್ಟು ವರ್ಷ ಉಳಿಯುತ್ತೆ?



ಮೂರು ವರ್ಷದ ಹಿಂದೆ ಪುಣೆಯಲ್ಲಿ ನಾನು ಹುಬ್ಬಿಗೆ ಮೈಕ್ರೋಬ್ಲೇಡಿಂಗ್ ಮಾಡಿಸಿಕೊಂಡೆ. ಥೈರಾಯ್ಡ್‌ನಿಂದ ಹುಬ್ಬಿನ ಹೊರತುದಿ ಉದುರಿಹೋಗಿತ್ತು. ದಿನಾ ಬೆಳಗ್ಗೆ ಸ್ಟ್ಯಾಂಡಪ್ ಕಾಲ್‌ಗೆ ಮೊದಲು ಪೆನ್ಸಿಲ್ ಹಿಡಿದು ಕೂರೋದು ಸಾಕಾಗಿತ್ತು. "ಎರಡು ವರ್ಷ ಇರುತ್ತೆ, ಆಮೇಲೆ ತಾನಾಗೇ ಹೋಗುತ್ತೆ" ಅಂದಿದ್ರು. ಎರಡು ವರ್ಷ ಆಯ್ತು. ಹೋಗಲಿಲ್ಲ, ಇಟ್ಟಿಗೆ ಬಣ್ಣಕ್ಕೆ ತಿರುಗ್ತು. ಊರಿಗೆ ಹೋದಾಗ ನಮ್ಮಜ್ಜಿ, "ಇದೇನೇ, ಹುಬ್ಬಿಗೆ ಕುಂಕುಮ ಮೆತ್ಕೊಂಡಿದೀಯ" ಅಂತ ಸೆರಗಲ್ಲಿ ಒರೆಸೋಕೆ ಬಂದ್ರು!

ಅಜ್ಜಿ ಮುಂಗೈ ಮೇಲೆ ಹಚ್ಚೆ ಇದೆ. ಅರವತ್ತು ವರ್ಷ ದಾಟಿದೆ, ಇನ್ನೂ ಅಳಿಸಿಲ್ಲ. ಹಾಗಾದ್ರೆ ನಂದು ಯಾಕೆ ಹೀಗಾಯ್ತು?

ವ್ಯತ್ಯಾಸ ಇರೋದು ಬಣ್ಣದಲ್ಲಿ, ಮತ್ತೆ ಅದು ಎಷ್ಟು ಆಳಕ್ಕೆ ಇಳಿದಿದೆ ಅನ್ನೋದ್ರಲ್ಲಿ. ಹಚ್ಚೆಗೆ ಹಾಕ್ತಿದ್ದದ್ದು ದೀಪದ ಮಸಿ, ಅಂದ್ರೆ ಕಾರ್ಬನ್. ಚರ್ಮದೊಳಗೆ ಆಳವಾಗಿ ಇಳಿಸ್ತಿದ್ರು. ಕಾರ್ಬನ್ ಬಿಸಿಲಿಗೆ ಅಷ್ಟು ಬೇಗ ಬಗ್ಗಲ್ಲ. ಚರ್ಮದ ಕೆಳಗಿರೋದ್ರಿಂದ ಕಪ್ಪು ನಮಗೆ ನೀಲಿ-ಹಸಿರಾಗಿ ಕಾಣುತ್ತೆ, ಅಷ್ಟೆ.

ಹುಬ್ಬಿನ ಕಂದು ಬಣ್ಣ ಹೆಚ್ಚಾಗಿ ಐರನ್ ಆಕ್ಸೈಡ್: ಕೆಂಪು, ಹಳದಿ, ಕಪ್ಪು ಮೂರನ್ನೂ ಬೆರೆಸಿದ್ದು. ಇದು ಸಾಮಾನ್ಯವಾಗಿ ಒಂದರಿಂದ ಮೂರು ವರ್ಷದಲ್ಲಿ ಮಾಸುತ್ತೆ. ತೊಂದರೆ ಏನಂದ್ರೆ ಮೂರೂ ಒಟ್ಟಿಗೆ ಹೋಗಲ್ಲ. ಕಪ್ಪು ತೆಳುವಾಗಿ ಕೆಂಪು ಉಳಿದುಬಿಟ್ರೆ ನನ್ನ ಕಥೆ. ಕಾರ್ಬನ್ ಬೆರೆತ ಬಣ್ಣವಾದ್ರೆ ಇನ್ನೂ ಹೆಚ್ಚು ವರ್ಷ ಬರುತ್ತೆ, ಆದ್ರೆ ಕೊನೆಗೆ ಬೂದಿ-ನೀಲಿ ಛಾಯೆ ಬಿಡುತ್ತೆ. ಟೈಟಾನಿಯಂ ಡೈಆಕ್ಸೈಡ್ ಅನ್ನೋ ಬಿಳಿ ಸೇರಿಸಿದ್ರೆ, ಉಳಿದದ್ದೆಲ್ಲ ಮಾಸಿದ ಮೇಲೂ ಅದು ಅಲ್ಲೇ ಕೂತಿರುತ್ತೆ.

ಲೇಸರ್ ಮಾಡಿಸಿಬಿಡೋಣ ಅಂದ್ಕೊಂಡೆ. ಚರ್ಮದ ಡಾಕ್ಟರು ಮೊದಲು ಒಂದು ತುದಿಯಲ್ಲಿ ಚಿಕ್ಕ ಚುಕ್ಕೆಯಷ್ಟು ಜಾಗದಲ್ಲಿ ಟೆಸ್ಟ್ ಮಾಡಿದ್ರು. ಕೆಂಪು ಇದ್ದದ್ದು ಕಣ್ಣೆದುರೇ ಕಪ್ಪಾಯ್ತು! ಐರನ್ ಆಕ್ಸೈಡ್, ಟೈಟಾನಿಯಂ ಎರಡಕ್ಕೂ ಲೇಸರ್ ತಾಗಿದ್ರೆ ಹೀಗೆ ಕಪ್ಪಾಗಬಹುದಂತೆ. ಮತ್ತಷ್ಟು ಸಿಟಿಂಗ್ ಮಾಡಿದ್ರೆ ಹೋಗಬಹುದು, ಆದ್ರೆ ಅಲ್ಲೀವರೆಗೆ ಕಪ್ಪು ಮಚ್ಚೆ ಹೊತ್ಕೊಂಡು ಓಡಾಡ್ಬೇಕು. ಟೆಸ್ಟ್ ಇಲ್ಲದೆ ಎರಡೂ ಹುಬ್ಬಿಗೆ ಹೊಡೆಸಿದ್ರೆ ಏನಾಗ್ತಿತ್ತು ಅಂತ ಈಗಲೂ ನೆನೆಸ್ಕೊಳ್ತೀನಿ.

ಮಾಡಿಸೋರು ಇದ್ರೆ ಮೂರು ಮಾತು. ಒಂದು, ಬಾಟಲಿ ತೋರಿಸಿ ಅಂತ ಕೇಳಿ. ಲೇಬಲ್ ಮೇಲೆ ಸಿಐ ನಂಬರ್ ಇರುತ್ತೆ: 77491, 77492, 77499 ಇದ್ರೆ ಐರನ್ ಆಕ್ಸೈಡ್, 77266 ಕಾರ್ಬನ್, 77891 ಟೈಟಾನಿಯಂ. ಫೋಟೋ ತೆಗೆದಿಟ್ಕೊಳ್ಳಿ, ಮುಂದೆ ಡಾಕ್ಟರಿಗೆ ಬೇಕಾಗುತ್ತೆ. ಎಂಆರ್‌ಐ ಮಾಡಿಸುವಾಗಲೂ ಹುಬ್ಬಿನ ವಿಷಯ ಮೊದಲೇ ಹೇಳಿ. ಎರಡು, ಎಣ್ಣೆ ಚರ್ಮದವರಿಗೆ, ಬಿಸಿಲಲ್ಲಿ ಓಡಾಡೋರಿಗೆ, ರೆಟಿನಾಲ್ ಕ್ರೀಮ್ ಹಚ್ಚೋರಿಗೆ ಬಣ್ಣ ಬೇಗ ಮಾಸುತ್ತೆ. ಗಾಯ ಒಣಗಿದ ಮೇಲೆ ಹುಬ್ಬಿಗೂ ಸನ್‌ಸ್ಕ್ರೀನ್ ಇರಲಿ. ಮೂರು, "ಎಷ್ಟು ವರ್ಷ ಬರುತ್ತೆ" ಅಂತ ಕೇಳೋದಷ್ಟೇ ಸಾಲದು. "ಹೋಗುವಾಗ ಯಾವ ಬಣ್ಣ ಆಗಿ ಹೋಗುತ್ತೆ" ಅಂತ ಕೇಳಿ. ನಾನು ಅದನ್ನ ಕೇಳಿರಲಿಲ್ಲ.

ಈಗ ಮತ್ತೆ ಬೆಳಗ್ಗೆ ಪೆನ್ಸಿಲ್ ಹಿಡಿದಿದ್ದೀನಿ. ಕೆಂಪು ಸ್ವಲ್ಪ ಸ್ವಲ್ಪ ಇಳೀತಿದೆ, ಕಾಯ್ತಿದ್ದೀನಿ.