ಕೋಡಿಂಗ್ ಬರದವರಿಗೆ ವಿಡಿಯೊ ಪ್ರೋಗ್ರಾಮಿಂಗ್: ನಾಲ್ಕು ಬಾಕ್ಸ್, ಮೂರು ತಂತಿ

ನಾಟಕ ಮಾಡೋರು, ಡಾನ್ಸ್ ಮಾಡೋರು, ಕಾಲೇಜ್ ಫೆಸ್ಟ್ ನಡೆಸೋರು ನನ್ನನ್ನ ಪದೇ ಪದೇ ಕೇಳೋ ಪ್ರಶ್ನೆ ಒಂದಿದೆ: "ಸ್ಟೇಜ್ ಮೇಲೆ ಕಲಾವಿದರು ಕದಲಿದ ಹಾಗೆ ಹಿಂದಿನ ಚಿತ್ರ, ಶಬ್ದ ಎಲ್ಲಾ ಬದಲಾಗುತ್ತಲ್ಲ, ಅದನ್ನ ನಾವೇ ಮಾಡ್ಬಹುದಾ? ನಮಗೆ ಕೋಡಿಂಗ್ ಬರಲ್ಲ."

ಮಾಡ್ಬಹುದು. ನಾನು ಓದಿದ್ದು ಬಿ.ಕಾಂ., ನಾನೂ ಹಾಗೇ ಕಲಿತವನು. ಇದು ಬರೀ ಶೋಕಿಯ ವಿಷಯ ಅಲ್ಲ. ನನ್ನ ಗೆಳೆಯರ ಸಣ್ಣ ತಂಡ ಒಂದು ನಾಟಕಕ್ಕೆ ಇಂಥದ್ದನ್ನ ಹೊರಗಿನವರಿಂದ ಮಾಡಿಸೋಣ ಅಂತ ವಿಚಾರಿಸಿದಾಗ, ಅವರು ಹೇಳಿದ ರೇಟು ಇಡೀ ನಾಟಕದ ಖರ್ಚಿಗಿಂತ ಜಾಸ್ತಿ ಇತ್ತು. ಮೇಲಾಗಿ ಅವರು ಬರೋದು ಶೋ ದಿನ ಮಾತ್ರ. ನಟರು ಅದರ ಜೊತೆ ರಿಹರ್ಸಲ್ ಮಾಡೋದು ಯಾವಾಗ? ಉಪಕರಣ ನಮ್ಮ ಕೈಯಲ್ಲೇ ಇದ್ರೆ ತಿಂಗಳುಗಟ್ಟಲೆ ಅದರ ಜೊತೆ ಆಡಬಹುದು. ಅಸಲಿ ಲಾಭ ಅದು.

ಇದಕ್ಕೆ ಬೇಕಾಗೋದು ವಿಷುವಲ್ ಪ್ರೋಗ್ರಾಮಿಂಗ್. ಅಂದ್ರೆ ಸಾಲು ಸಾಲು ಕೋಡ್ ಬರೆಯೋ ಬದಲು ಪರದೆ ಮೇಲೆ ಬಾಕ್ಸ್‌ಗಳನ್ನ ಇಟ್ಟು, ಒಂದರಿಂದ ಇನ್ನೊಂದಕ್ಕೆ ತಂತಿ ಎಳೆಯೋದು. ಎಕ್ಸೆಲ್‌ನಲ್ಲಿ ಒಂದು ಸೆಲ್ ತಿದ್ದಿದ್ರೆ ಅದಕ್ಕೆ ಜೋಡಿಸಿದ ಸೆಲ್‌ಗಳೆಲ್ಲ ತಾವೇ ಬದಲಾಗ್ತವಲ್ಲ, ಹೆಚ್ಚುಕಮ್ಮಿ ಅದೇ ಲೆಕ್ಕ.

ಇಂಥ ಸಾಫ್ಟ್‌ವೇರ್ ಹಲವು ಇವೆ. ಮ್ಯಾಕ್ಸ್ ಇದೆ, ಅದಕ್ಕೆ ದುಡ್ಡು ಕೊಡಬೇಕು. ಟಚ್‌ಡಿಸೈನರ್ ಇದೆ, ಅದರ ಉಚಿತ ಆವೃತ್ತಿಯನ್ನ ವ್ಯಾಪಾರಕ್ಕೆ ಬಳಸೋ ಹಾಗಿಲ್ಲ, ಚಿತ್ರದ ಅಳತೆಯೂ 1280ಕ್ಕೆ 1280 ಪಿಕ್ಸೆಲ್ ದಾಟಲ್ಲ. ನಾನು ಹೊಸಬರಿಗೆ ಹೇಳೋದು ಪ್ಯೂರ್ ಡೇಟಾ. ಇದು ಪೂರ್ತಿ ಉಚಿತ, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ. ಇದನ್ನ 1990ರ ದಶಕದಲ್ಲಿ ಮಾಡಿದವರು ಮಿಲ್ಲರ್ ಪಕೆಟ್. ಅದಕ್ಕೂ ಮೊದಲು, 1980ರ ದಶಕದಲ್ಲಿ, ಪ್ಯಾರಿಸ್‌ನ ಇರ್ಕಾಮ್ ಸಂಸ್ಥೆಯಲ್ಲಿ ಮ್ಯಾಕ್ಸ್‌ನ ಮೂಲ ರೂಪ ಮಾಡಿದವರೂ ಅವರೇ. ಈ ಬಾಕ್ಸ್-ತಂತಿ ಪದ್ಧತಿ ಅಲ್ಲಿ ಬೆಳೆದದ್ದು ಸಂಗೀತ ರಚನೆ ಮಾಡೋರ ಉಪಯೋಗಕ್ಕೆ ಅನ್ನೋದನ್ನ ನೆನಪಿಟ್ಟುಕೊಳ್ಳಿ. ಹೆದರೋ ಕಾರಣ ಇಲ್ಲ.

ಪ್ಯೂರ್ ಡೇಟಾಗೆ ಮೂಲತಃ ಗೊತ್ತಿರೋದು ಶಬ್ದ. ವಿಡಿಯೊಗೆ ಜೆಮ್ ಅನ್ನೋ ಲೈಬ್ರರಿ ಸೇರಿಸ್ಕೋಬೇಕು. ಮೆನುವಿನಲ್ಲಿ "ಫೈಂಡ್ ಎಕ್ಸ್‌ಟರ್ನಲ್ಸ್" ಅಂತ ಇರುತ್ತೆ, ಅಲ್ಲಿ ಜೆಮ್ ಅಂತ ಹುಡುಕಿ ಇನ್‌ಸ್ಟಾಲ್ ಮಾಡಿ. ಹೊಸ ಫೈಲ್ ತೆರೆದು ಕಂಟ್ರೋಲ್ ಜೊತೆ 1 ಒತ್ತಿದ್ರೆ ಖಾಲಿ ಬಾಕ್ಸ್ ಬರುತ್ತೆ. ಅದರಲ್ಲಿ "ಡಿಕ್ಲೇರ್ ಮೈನಸ್-ಲಿಬ್ ಜೆಮ್" ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಮೈನಸ್‌ಗೆ ಬರೀ ಗೆರೆ ಸಾಕು. ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೀರಿ. ಲೈಬ್ರರಿ ಸಿದ್ಧ.

ಈಗ ಜೆಮ್‌ವಿನ್ ಅನ್ನೋ ಬಾಕ್ಸ್ ಇಡಿ. ಚಿತ್ರ ಕಾಣೋ ಕಿಟಕಿ ಇದೇ. ಕಂಟ್ರೋಲ್ ಜೊತೆ 2 ಒತ್ತಿದ್ರೆ ಮೆಸೇಜ್ ಬಾಕ್ಸ್ ಬರುತ್ತೆ. ಅದರಲ್ಲಿ "ಕ್ರಿಯೇಟ್, ಅಲ್ಪವಿರಾಮ, 1" ಅಂತ ಬರೆದು ಜೆಮ್‌ವಿನ್‌ಗೆ ಜೋಡಿಸಿ. ಕ್ರಿಯೇಟ್ ಅಂದ್ರೆ ಕಿಟಕಿ ತೆರೆ, 1 ಅಂದ್ರೆ ಚಿತ್ರ ಬಿಡಿಸೋಕೆ ಶುರು ಮಾಡು. ಕಂಟ್ರೋಲ್ ಇ ಒತ್ತಿ ಎಡಿಟ್ ಮೋಡ್‌ನಿಂದ ಹೊರಬಂದು ಆ ಮೆಸೇಜ್ ಮೇಲೆ ಕ್ಲಿಕ್ ಮಾಡಿ. ಕಪ್ಪು ಕಿಟಕಿ ಬರುತ್ತೆ. ಅದು ಕಪ್ಪಾಗಿರಬೇಕಾದ್ದೇ, ನಾವಿನ್ನೂ ಏನೂ ಕೊಟ್ಟಿಲ್ಲ.

ಮುಂದೆ ನಾಲ್ಕು ಬಾಕ್ಸ್‌ಗಳನ್ನ ಒಂದರ ಕೆಳಗೊಂದು ಇಡಿ: ಜೆಮ್‌ಹೆಡ್, ಪಿಕ್ಸ್ ವಿಡಿಯೊ, ಪಿಕ್ಸ್ ಟೆಕ್ಸ್‌ಚರ್, ರೆಕ್ಟ್ಯಾಂಗಲ್ 4 3. ಪಿಕ್ಸ್ ಅಂತ ಶುರುವಾಗೋ ಹೆಸರುಗಳನ್ನ ಟೈಪ್ ಮಾಡುವಾಗ ನಡುವೆ ಜಾಗ ಬಿಡಬೇಡಿ, ಅಂಡರ್‌ಸ್ಕೋರ್ ಹಾಕಿ. ಪ್ರತಿ ಬಾಕ್ಸ್‌ನ ಕೆಳಗಿನ ಎಡ ಮೂಲೆಯಿಂದ ಮುಂದಿನದರ ಮೇಲಿನ ಎಡ ಮೂಲೆಗೆ ತಂತಿ. ಒಟ್ಟು ಮೂರೇ ತಂತಿ. ಜೆಮ್‌ಹೆಡ್ ಪ್ರತಿ ಫ್ರೇಮ್‌ಗೂ "ಈಗ ಬಿಡಿಸು" ಅಂತ ಅಪ್ಪಣೆ ಕೊಡುತ್ತೆ. ಪಿಕ್ಸ್ ವಿಡಿಯೊ ಕ್ಯಾಮೆರಾದಿಂದ ಚಿತ್ರ ತರುತ್ತೆ. ಪಿಕ್ಸ್ ಟೆಕ್ಸ್‌ಚರ್ ಆ ಚಿತ್ರವನ್ನ ಬಟ್ಟೆ ಥರ ಸಿದ್ಧ ಮಾಡುತ್ತೆ. ರೆಕ್ಟ್ಯಾಂಗಲ್ ಅನ್ನೋದು ಆ ಬಟ್ಟೆ ಹೊದಿಸೋ ಹಲಗೆ. ಟೆಕ್ಸ್‌ಚರ್ ಬಿಟ್ಟುಹೋದ್ರೆ ಬರೀ ಬಿಳಿ ಹಲಗೆ ಕಾಣುತ್ತೆ. ಬಿಳಿ ಕಂಡ್ರೆ ಎಲ್ಲಿ ನೋಡಬೇಕು ಅಂತ ಈಗ ನಿಮಗೆ ಗೊತ್ತು.

ಒಂದು ಸಲ ಮುಖ ಕಂಡಿತಾ? ಹಾಗಾದ್ರೆ ಚಿತ್ರದ ಅಳತೆ ನೋಡಿ. ದೊಡ್ಡ ಚಿತ್ರವೇ ಒಳ್ಳೇದು ಅನ್ನೋ ಆಸೆ ಎಲ್ಲರಿಗೂ ಇರುತ್ತೆ, ಲೆಕ್ಕ ಹಾಕಿ. 320ಕ್ಕೆ 240 ಅಂದ್ರೆ 76,800 ಪಿಕ್ಸೆಲ್. 1920ಕ್ಕೆ 1080 ಅಂದ್ರೆ 20,73,600. ಸರಿಯಾಗಿ 27 ಪಟ್ಟು. ಜೆಮ್ ತಾನಾಗಿ ಸೆಕೆಂಡಿಗೆ 20 ಫ್ರೇಮ್ ಬಿಡಿಸುತ್ತೆ. ದೊಡ್ಡ ಚಿತ್ರದಲ್ಲಿ ಸೆಕೆಂಡಿಗೆ 4 ಕೋಟಿಗೂ ಹೆಚ್ಚು ಪಿಕ್ಸೆಲ್. ಪಿಕ್ಸ್ ಬಾಕ್ಸ್‌ಗಳ ಕೆಲಸ ಹೆಚ್ಚಾಗಿ ಪ್ರೊಸೆಸರ್ ಮೇಲೇ ಬೀಳೋದ್ರಿಂದ ಹಳೇ ಲ್ಯಾಪ್‌ಟಾಪ್ ಏದುಸಿರು ಬಿಡುತ್ತೆ. ಪಿಕ್ಸ್ ವಿಡಿಯೊಗೆ "ಡೈಮೆನ್ 320 240" ಅಂತ ಮೆಸೇಜ್ ಕಳಿಸಿ. ಕದಲಿಕೆ ಹಿಡಿಯೋಕೆ ಅಷ್ಟು ಧಾರಾಳ ಸಾಕು.

ಇನ್ನು ಮುಖ್ಯ ವಿಷಯ. ಕಂಪ್ಯೂಟರ್‌ಗೆ ಕದಲಿಕೆ ಹೇಗೆ ಗೊತ್ತಾಗುತ್ತೆ? ಸ್ಟಾಕ್ ಲೆಕ್ಕ ಬರೆದವರಿಗೆ ಇದು ಹೊಸದಲ್ಲ. ನಿನ್ನೆ ರಾತ್ರಿ ಗೋಡೌನಲ್ಲಿ 40 ಮೂಟೆ, ಇವತ್ತು 37. ಯಾರು ಒಯ್ದರೋ ಗೊತ್ತಿಲ್ಲ, ಮೂರು ಮೂಟೆ ಕದಲಿದ್ದಂತೂ ನಿಜ. ಪಿಕ್ಸ್ ಮೂವ್‌ಮೆಂಟ್ ಅನ್ನೋ ಬಾಕ್ಸ್ ಇದನ್ನೇ ಪ್ರತಿ ಪಿಕ್ಸೆಲ್‌ಗೂ ಮಾಡುತ್ತೆ: ಹಿಂದಿನ ಫ್ರೇಮ್ ಜೊತೆ ಈಗಿನದನ್ನ ತಾಳೆ ನೋಡಿ, ಬದಲಾದ ಜಾಗ ಮಾತ್ರ ತೋರಿಸುತ್ತೆ. ಪಿಕ್ಸ್ ವಿಡಿಯೊ ಕೆಳಗೆ ಪಿಕ್ಸ್ ಗ್ರೇ, ಅದರ ಕೆಳಗೆ ಪಿಕ್ಸ್ ಮೂವ್‌ಮೆಂಟ್ ಸೇರಿಸಿ. ಕೈ ಆಡಿಸಿದ್ರೆ ಕಪ್ಪಿನಲ್ಲಿ ಬಿಳಿ ಅಂಚು ಕಾಣುತ್ತೆ. ಸುಮ್ಮನೆ ಕೂತ್ರೆ ನೀವು ಮಾಯ.

ಅದರ ಕೆಳಗೆ ಪಿಕ್ಸ್ ಬ್ಲಾಬ್ ಹಾಕಿ. ಆ ಬಿಳಿ ಭಾಗದ ನಡುಮಧ್ಯ ಎಲ್ಲಿದೆ ಅಂತ ಅದು ಸೊನ್ನೆಯಿಂದ 1ರ ಒಳಗಿನ ಸಂಖ್ಯೆಯಲ್ಲಿ ಹೇಳುತ್ತೆ. ಅಡ್ಡಲೆಕ್ಕದ ಸಂಖ್ಯೆಯನ್ನ 400ರಿಂದ ಗುಣಿಸಿ, 200 ಕೂಡಿಸಿ, ಶಬ್ದ ಹುಟ್ಟಿಸೋ ಆಸಿಲೇಟರ್ ಬಾಕ್ಸ್‌ಗೆ ಕೊಡಿ. ವಾಲ್ಯೂಮ್ ಕಮ್ಮಿ ಮಾಡೋ ಒಂದು ಗುಣಾಕಾರದ ಬಾಕ್ಸ್ ನಡುವೆ ಇಟ್ಟು ಸ್ಪೀಕರ್‌ಗೆ ಜೋಡಿಸಿ. ಈಗ ಪರದೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನೀವು ಸರಿದ ಹಾಗೆ ಸ್ವರ 200ರಿಂದ 600 ಹರ್ಟ್ಸ್ ನಡುವೆ ಏರಿಳಿಯುತ್ತೆ. ದೇಹ ವಾದ್ಯ ಆಯ್ತು.

ಎರಡು ಮಾತು ಜ್ಞಾಪಕ ಇರಲಿ. ಒಂದು, ಈ ಬಾಕ್ಸ್‌ಗೆ ಬೆಳಕು ಬದಲಾದ್ರೂ ಕದಲಿಕೆಯೇ. ಸ್ಟೇಜ್ ಲೈಟ್ ಆರಿದ್ರೆ ಇಡೀ ಚಿತ್ರ ಬಿಳಿಯಾಗಬಹುದು. ಎಷ್ಟು ಬದಲಾದ್ರೆ ಲೆಕ್ಕಕ್ಕೆ ತಗೋಬೇಕು ಅನ್ನೋ ಮಿತಿಯನ್ನ ಅದರ ಬಲಗಡೆ ತಂತಿಯಲ್ಲಿ ಕೊಡಬಹುದು, ಲೈಟಿಂಗ್ ಸಮೇತ ರಿಹರ್ಸಲ್ ಮಾಡಿ ಅದನ್ನ ಹೊಂದಿಸಿ. ಎರಡು, ಕ್ಯಾಮೆರಾ ಇಟ್ಟರೆ ಜನ ಕೇಳ್ತಾರೆ, ಕೇಳಲೇಬೇಕು. ರೆಕಾರ್ಡ್ ಮಾಡೋ ಬಾಕ್ಸ್ ನೀವಾಗಿ ಸೇರಿಸದಿದ್ರೆ ಈ ಸರಪಳಿ ಏನನ್ನೂ ಉಳಿಸಲ್ಲ. ಯಾರು ಅಂತ ಅದಕ್ಕೆ ಗೊತ್ತಿಲ್ಲ, ಏನೋ ಕದಲಿತು ಅಂತಷ್ಟೇ ಗೊತ್ತು. ಆದ್ರೂ ಬಾಗಿಲಲ್ಲಿ ಒಂದು ಬೋರ್ಡ್ ಹಾಕಿ, ಹೇಳಿ.

ಕೊನೇದಾಗಿ, ಯಾವ ಬಾಕ್ಸ್ ಅರ್ಥ ಆಗದಿದ್ರೂ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಹೆಲ್ಪ್ ಒತ್ತಿ. ಬರೀ ವಿವರಣೆ ಅಲ್ಲ, ಓಡೋ ಉದಾಹರಣೆಯೇ ತೆರೆಯುತ್ತೆ. ಅದರಿಂದ ಕಾಪಿ ಮಾಡ್ಕೊಳ್ಳಿ, ತಪ್ಪೇನಿಲ್ಲ. ಒಂದೊಂದೇ ಬಾಕ್ಸ್ ಸೇರಿಸಿ, ಪ್ರತಿ ಸಲ ಚಿತ್ರ ನೋಡಿ, ಆಮೇಲೆ ಮುಂದೆ ಹೋಗಿ. ಈ ಭಾನುವಾರ ನಾಲ್ಕು ಬಾಕ್ಸ್ ಅಷ್ಟೇ ಸಾಕು. ಮುಂದಿನ ಕಂತಿನಲ್ಲಿ ಕ್ಯಾಮೆರಾ ಬದಲು ವಿಡಿಯೊ ಫೈಲ್ ಓಡಿಸೋದು ನೋಡೋಣ.