ಅನುಮತಿ ಕೇಳುವ ಪಾಠ
(ಜುಮಾ ಖುತ್ಬಾದ ಸಾರಾಂಶ)

 



ಲೈಂಗಿಕ ದೌರ್ಜನ್ಯದಿಂದ ಕಾಪಾಡಿಕೊಳ್ಳುವುದು ಹೇಗೆ, ಸಮ್ಮತಿ ಎಂದರೇನು ಎಂಬುದನ್ನು ಪ್ರೌಢಶಾಲೆಯಲ್ಲಿ ಕಲಿಸುವ ಮಾತು ಬಂದಾಗಲೆಲ್ಲ ಕೆಲವು ಪಾಲಕರು ನಮ್ಮ ಬಳಿ ಬರುತ್ತಾರೆ. “ಹಜರತ್, ಆ ದಿನ ಮಗಳನ್ನು ಶಾಲೆಗೆ ಕಳಿಸೋದೋ ಬೇಡವೋ? ಇಂಥ ಮಾತು ಕಿವಿಗೆ ಬಿದ್ದರೆ ಹಯಾ ಉಳಿಯುತ್ತದೆಯೇ?” ಎಂದು ಕೇಳುತ್ತಾರೆ. ಸಿಂಧನೂರಿನಲ್ಲಿ ಕೇಳಿದರೂ ಲಿಂಗಸುಗೂರು, ಮಸ್ಕಿಯಲ್ಲಿ ಕೇಳಿದರೂ ಪ್ರಶ್ನೆ ಒಂದೇ. ಮಕ್ಕಳ ಮೇಲಿನ ಕಾಳಜಿಯಿಂದ ಬಂದ ಪ್ರಶ್ನೆ ಅದು. ಉತ್ತರವನ್ನು ನಮ್ಮ ದೀನ್‌ನಲ್ಲೇ ಹುಡುಕೋಣ.

ಸೂರಃ ಅನ್ನೂರ್‌ನ 27ನೇ ಆಯತ್‌ನಲ್ಲಿ, ಅನುಮತಿ ಪಡೆಯದೆ, ಸಲಾಂ ಹೇಳದೆ ಇನ್ನೊಬ್ಬರ ಮನೆಯೊಳಗೆ ಹೋಗಬಾರದು ಎಂಬ ಆದೇಶವಿದೆ. ಹಿಂದಿರುಗಿ ಎಂದು ಹೇಳಿದರೆ ಹಿಂದಿರುಗಬೇಕು ಎಂದು 28ನೇ ಆಯತ್ ಹೇಳುತ್ತದೆ. ಫಜ್ರ್‌ಗೆ ಮುಂಚೆ, ಮಧ್ಯಾಹ್ನದ ವಿಶ್ರಾಂತಿಯ ಹೊತ್ತು, ಇಶಾ ನಂತರ, ಈ ಮೂರು ಹೊತ್ತಿನಲ್ಲಿ ಮನೆಯ ಚಿಕ್ಕ ಮಕ್ಕಳೂ ಅನುಮತಿ ಕೇಳಿ ಒಳಬರಬೇಕು ಎಂದು 58ನೇ ಆಯತ್ ಕಲಿಸುತ್ತದೆ. ಮಕ್ಕಳು ಪ್ರಾಯಕ್ಕೆ ಬಂದರೆ ಹಿರಿಯರಂತೆ ಎಲ್ಲ ಹೊತ್ತಿನಲ್ಲೂ ಕೇಳಬೇಕು ಎನ್ನುತ್ತದೆ 59ನೆಯದು.

ಸ್ವಲ್ಪ ಯೋಚಿಸಿ. ಇನ್ನೊಬ್ಬರ ಬಾಗಿಲಿಗೇ ಇಷ್ಟು ಮರ್ಯಾದೆ ಇದ್ದರೆ, ಇನ್ನೊಬ್ಬರ ಮೈಗೆ ಎಷ್ಟು ಮರ್ಯಾದೆ ಇರಬೇಕು? ಕೇಳದೆ ಒಳಗೆ ಹೋಗಬೇಡ, ಬೇಡ ಎಂದರೆ ಹಿಂದಿರುಗು. ಶಾಲೆಯಲ್ಲಿ ಸಮ್ಮತಿ ಎಂದು ಹೇಳಿಕೊಡುವ ಪಾಠದ ತಿರುಳೂ ಇದೇ ಅಲ್ಲವೇ? ಇದೇ ಸೂರಃದ 30ನೇ ಆಯತ್ ದೃಷ್ಟಿ ತಗ್ಗಿಸುವಂತೆ ಮೊದಲು ಗಂಡಸರಿಗೆ ಹೇಳುತ್ತದೆ. ಹೆಂಗಸರಿಗೆ ಹೇಳುವುದು ಆಮೇಲೆ, 31ರಲ್ಲಿ. ನಾವಾದರೋ ಮಗಳಿಗೆ ನೂರು ಬುದ್ಧಿ ಹೇಳಿ, ಮಗನಿಗೆ ಒಂದೂ ಹೇಳದೆ ಬಿಡುತ್ತೇವೆ.

ಹಯಾ ಈಮಾನಿನ ಭಾಗ, ನಿಜ. ಆದರೆ ಹಯಾ ಎಂದರೆ ತಿಳಿಯದೆ ಇರುವುದು ಎಂದು ಅರ್ಥವಲ್ಲ. ದೀನ್ ಕಲಿಯಲು ಲಜ್ಜೆಯನ್ನು ಅಡ್ಡ ತರದ ಅನ್ಸಾರ್ ಮಹಿಳೆಯರನ್ನು ಆಯಿಶಾ(ರ) ಮೆಚ್ಚಿದ್ದರು. ಮದ್ರಸಾದಲ್ಲಿ ಹನ್ನೆರಡು ಹದಿಮೂರರ ಮಕ್ಕಳಿಗೆ ಗುಸ್ಲ್ ಯಾವಾಗ ಫರ್ಜ್, ಹೈಜ್ ಎಂದರೇನು, ಬಾಲಿಗ್ ಆಗುವುದು ಎಂದರೇನು ಎಂದು ಫಿಕ್ಹ್ ಕಿತಾಬಿನಿಂದ ನಾವೇ ಕಲಿಸುತ್ತೇವೆ. ಅಲ್ಲಿ ಹಯಾಕ್ಕೆ ಧಕ್ಕೆ ಬರದಿದ್ದರೆ, ಶಿಕ್ಷಕಿಯೊಬ್ಬರು ಗಂಭೀರವಾಗಿ ಹೇಳಿದರೆ ಏಕೆ ಬರಬೇಕು?

ಒಬ್ಬ ಯುವಕ ಪ್ರವಾದಿವರ್ಯರ(ಸ) ಬಳಿ ಬಂದು ವ್ಯಭಿಚಾರಕ್ಕೆ ಅನುಮತಿ ಕೇಳಿದ ಪ್ರಸಂಗ ಮುಸ್ನದ್ ಅಹ್ಮದ್‌ನಲ್ಲಿದೆ. ಸುತ್ತಲಿದ್ದವರು ಗದರಿದರು. ಪ್ರವಾದಿವರ್ಯರು(ಸ) ಅವನನ್ನು ಹತ್ತಿರ ಕೂರಿಸಿಕೊಂಡು, ನಿನ್ನ ತಾಯಿಗೆ ಯಾರಾದರೂ ಹೀಗೆ ಮಾಡಿದರೆ ಒಪ್ಪುತ್ತೀಯಾ, ಮಗಳಿಗೆ, ಸಹೋದರಿಗೆ ಮಾಡಿದರೆ ಒಪ್ಪುತ್ತೀಯಾ ಎಂದು ಒಂದೊಂದಾಗಿ ಕೇಳಿದರು. ಕೊನೆಗೆ ಅವನ ಮೇಲೆ ಕೈಯಿಟ್ಟು ದುಆ ಮಾಡಿದರು. ಗದರಿ ಕಳಿಸಿದ್ದರೆ ಅವನು ಎಲ್ಲಿಗೆ ಹೋಗುತ್ತಿದ್ದ? ನಮ್ಮ ಹುಡುಗರು ಇಂದು ಮೊಬೈಲಿಗೆ ಹೋಗುತ್ತಿದ್ದಾರೆ.

ಇನ್ನು ಕಾನೂನಿನ ಮಾತು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಹುಡುಗರೂ ಹುಡುಗಿಯರೂ. ಆ ವಯಸ್ಸಿನವರು ಒಪ್ಪಿದ್ದರು ಎಂಬ ವಾದ ನಿಲ್ಲುವುದಿಲ್ಲ. ಇದು ಗೊತ್ತಿಲ್ಲದೆ ಪ್ರೀತಿಯ ಹೆಸರಿನಲ್ಲಿ ಓಡಿಹೋಗಿ ಜೈಲು ಸೇರುವ ಹುಡುಗರಿದ್ದಾರೆ. ಇಂಥದ್ದೇ ಒಂದು ಪ್ರಕರಣದಲ್ಲಿ 2022ರ ನವೆಂಬರಿನಲ್ಲಿ ಹೈಕೋರ್ಟಿನ ಧಾರವಾಡ ಪೀಠವು, 9ನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಈ ಕಾಯ್ದೆಯ ತಿಳಿವಳಿಕೆ ಕೊಡಲು ಪಠ್ಯ ಸಿದ್ಧಪಡಿಸಬೇಕೆಂದು ಶಿಕ್ಷಣ ಇಲಾಖೆಗೆ ಸೂಚಿಸಿತು. ಮುಸ್ಲಿಂ ವೈಯಕ್ತಿಕ ಕಾನೂನಿನ ಹೆಸರು ಹೇಳಿ ಚಿಕ್ಕ ಹುಡುಗಿಯ ನಿಕಾಹ್ ಮಾಡಿದರೂ ಪೋಕ್ಸೊದಿಂದ ವಿನಾಯಿತಿ ಇಲ್ಲ ಎಂದು ಅದೇ ವರ್ಷ ನಮ್ಮ ಹೈಕೋರ್ಟ್ ಹೇಳಿದೆ. ಜಮಾತಿನ ಹಿರಿಯರು ಇದನ್ನು ಗಮನಿಸಬೇಕು.

ಕೆಲವರು ಇನ್ನೊಂದು ಮಾತು ಎತ್ತುತ್ತಾರೆ. ಕನ್ಯೆಯ ಮೌನವೇ ಸಮ್ಮತಿ ಎಂದು ಹದೀಸ್‌ನಲ್ಲಿಲ್ಲವೇ? ಇದೆ. ಆದರೆ ಅದು ನಿಕಾಹ್ ವಿಷಯ. ಮೊದಲು ಆಕೆಯನ್ನು ಕೇಳಲೇಬೇಕು ಎಂಬುದು ಆ ಹದೀಸಿನ ಆದೇಶ. ನಾಚಿ ಸುಮ್ಮನಿರುವುದು ಬೇರೆ, ಹೆದರಿ ಸುಮ್ಮನಿರುವುದು ಬೇರೆ. ಖನ್ಸಾ ಬಿಂತ್ ಖಿದಾಮ್(ರ) ಅವರಿಗೆ ಇಷ್ಟವಿಲ್ಲದ ಮದುವೆಯನ್ನು ತಂದೆ ಮಾಡಿದಾಗ ಪ್ರವಾದಿವರ್ಯರು(ಸ) ಅದನ್ನು ರದ್ದು ಮಾಡಿದರು. ಹೆದರಿದ ಮಗುವಿನ ಮೌನವನ್ನು ಒಪ್ಪಿಗೆ ಎನ್ನುವವನು ಹದೀಸಿನ ಮೇಲೆ ಸುಳ್ಳು ಹೊರಿಸುತ್ತಾನೆ.

ಅಪಾಯ ಎಲ್ಲಿಂದ ಬರುತ್ತದೆ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳಲ್ಲಿ, ಮಕ್ಕಳ ಮೇಲಿನ ಅತ್ಯಾಚಾರದ ಬಹುಪಾಲು ಪ್ರಕರಣಗಳಲ್ಲಿ ಆರೋಪಿ ಪರಿಚಿತನೇ. ನಮ್ಮ ಕಡೆ ನಾಟಿ, ಕಳೆ ಕೀಳುವ ದಿನಗಳಲ್ಲಿ ತಾಯಂದಿರು ಬೆಳಗಾಗುವ ಮುಂಚೆ ಗದ್ದೆಗೆ ಹೋಗುತ್ತಾರೆ. ಗುಳೆ ಹೋಗುವವರು ಮಕ್ಕಳನ್ನು ಸಂಬಂಧಿಕರ ಮನೆಯಲ್ಲಿ ಬಿಡುತ್ತಾರೆ. ಹಳ್ಳಿಯ, ಕ್ಯಾಂಪಿನ ಮಕ್ಕಳು ಹೈಸ್ಕೂಲಿಗೆ ತುಂಬಿದ ಬಸ್ಸಿನಲ್ಲಿ, ಆಟೊದಲ್ಲಿ ಬರುತ್ತಾರೆ. ನಾವು ಎಲ್ಲ ಕಡೆಯೂ ಜೊತೆಗಿರಲು ಆಗುವುದಿಲ್ಲ. ಬೇಡ ಎನ್ನುವ ಧೈರ್ಯ, ಬಂದು ಹೇಳುವ ಮಾತು ಮಗುವಿನ ಜೊತೆಗಿರಬೇಕು.

ಮಗು ಬಂದು ಹೇಳಿತು ಅನ್ನಿ. ಆಗ ನಾವು ಏನು ಮಾಡುತ್ತೇವೆ ಎಂಬುದೇ ನಮ್ಮ ಪರೀಕ್ಷೆ. ನಮಾಜಿಗೆ ಹೊರಟ ಮಹಿಳೆಯ ಮೇಲೆ ಒಬ್ಬ ದೌರ್ಜನ್ಯ ಮಾಡಿದ ಪ್ರಸಂಗ ತಿರ್ಮಿದಿ ಮತ್ತು ಅಬೂದಾವೂದ್‌ನಲ್ಲಿದೆ. ನೀನೇಕೆ ಹೊರಟೆ ಎಂದು ಪ್ರವಾದಿವರ್ಯರು(ಸ) ಆಕೆಯನ್ನು ಕೇಳಲಿಲ್ಲ. ಅಲ್ಲಾಹನ ಕ್ಷಮೆಯ ಸುವಾರ್ತೆ ಕೊಟ್ಟು ಕಳಿಸಿದರು. ಆದ್ದರಿಂದ ಮೊದಲು ಮಗುವನ್ನು ನಂಬಿ, ನಿನ್ನ ತಪ್ಪಿಲ್ಲ ಎಂದು ಹೇಳಿ. ಮನೆತನದ ಮರ್ಯಾದೆ ಎಂದು ಮುಚ್ಚಬೇಡಿ. ಹಣ ಕೊಡಿಸಿ ಅಥವಾ ಅವನಿಗೇ ನಿಕಾಹ್ ಮಾಡಿಸಿ ಪಂಚಾಯಿತಿಯಲ್ಲಿ ಮುಗಿಸಬೇಡಿ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದವರಿಗೆ ಆರು ತಿಂಗಳವರೆಗೆ ಜೈಲು ಶಿಕ್ಷೆಯಾಗಬಹುದು. ಠಾಣೆ ಎಂದರೆ ಹೆದರಬೇಡಿ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಮವಸ್ತ್ರವಿಲ್ಲದ ಅಧಿಕಾರಿ ಪಡೆಯಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸುವಂತಿಲ್ಲ. ಹೆಸರು ಪತ್ರಿಕೆಯಲ್ಲಿ ಬರುವಂತಿಲ್ಲ. ಮಕ್ಕಳ ಸಹಾಯವಾಣಿ 1098, ಕರೆ ಉಚಿತ. ಈ ಸಂಖ್ಯೆ ಮಕ್ಕಳಿಗೆ ಬಾಯಿಪಾಠವಾಗಿರಲಿ.

ಮಕ್ತಬ್‌ಗಳಿಗೂ ಈ ಮಾತು ಸಲ್ಲುತ್ತದೆ. ಪಾಠದ ಕೋಣೆಯ ಬಾಗಿಲು ತೆರೆದಿರಲಿ. ಉಸ್ತಾದರೇ ಆಗಲಿ, ಒಂಟಿ ಮಗುವನ್ನು ಮುಚ್ಚಿದ ಕೋಣೆಯಲ್ಲಿ ಕೂರಿಸಿಕೊಳ್ಳುವಂತಿಲ್ಲ ಎಂಬ ನಿಯಮವನ್ನು ಮಸೀದಿ ಕಮಿಟಿಗಳು ಮಾಡಲಿ. ಒಳ್ಳೆಯ ಉಸ್ತಾದರಿಗೆ ಇದರಿಂದ ಅವಮಾನವಿಲ್ಲ, ರಕ್ಷಣೆಯೇ ಇದೆ.

ಕೇಳಿದ ಪಾಲಕರಿಗೆ ನಮ್ಮ ಉತ್ತರ ಇಷ್ಟೇ: ಮಗಳನ್ನೂ ಕಳಿಸಿ, ಮಗನನ್ನೂ ಕಳಿಸಿ. ಪಠ್ಯದಲ್ಲಿ ಏನಿದೆ ಎಂದು ಪಾಲಕರ ಸಭೆಯಲ್ಲಿ ಕೇಳಿ, ಅದು ನಿಮ್ಮ ಹಕ್ಕು. ಸಂಜೆ ಮಕ್ಕಳು ಮನೆಗೆ ಬಂದಾಗ ಇಂದು ಏನು ಹೇಳಿದರು ಎಂದು ಪಕ್ಕದಲ್ಲಿ ಕೂತು ಕೇಳಿ. ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತ್. ನಾಳೆ ಅದರ ಲೆಕ್ಕ ಕೊಡಬೇಕು.

ಯಾ ಅಲ್ಲಾಹ್, ನಮ್ಮ ಮಕ್ಕಳ ಮಾನ ಪ್ರಾಣಗಳನ್ನು ಕಾಪಾಡು. ನೊಂದ ಮಕ್ಕಳಿಗೆ ನೆಮ್ಮದಿ ಕೊಡು. ಅವರ ಮಾತು ಕೇಳುವ ತಾಳ್ಮೆಯನ್ನು, ಅವರ ಪರವಾಗಿ ನಿಲ್ಲುವ ಧೈರ್ಯವನ್ನು ನಮಗೆ ದಯಪಾಲಿಸು. ಆಮೀನ್.