ಹೆಸರು ಬದಲಿಸದ ನಟ

ನಾಟಕದಲ್ಲಿ ರಾಜನ ಪಾರ್ಟು ಮಾಡಿದವನ ಹೆಸರು ಎಲ್ಲರಿಗೂ ನೆನಪಿರುತ್ತದೆ. ಪಕ್ಕದಲ್ಲಿ ನಿಂತು ಆಟವನ್ನು ಹೊತ್ತವನನ್ನು ಕೇಳುವವರಿಲ್ಲ. ಇಂಗ್ಲೆಂಡಿನ ಪೀಟ್ ಪಾಸಲ್‌ಥ್ವೇಟ್ ಅಂಥ ಪೋಷಕ ನಟ.

1946ರಲ್ಲಿ ವಾರಿಂಗ್ಟನ್ ಎಂಬ ಕಾರಖಾನೆಗಳ ಊರಿನಲ್ಲಿ, ದುಡಿಯುವವರ ಮನೆಯಲ್ಲಿ ಆತ ಹುಟ್ಟಿದ. ಮೊದಲು ಉಪಾಧ್ಯಾಯ, ಆಮೇಲೆ ಬ್ರಿಸ್ಟಲ್ಲಿನಲ್ಲಿ ನಟನೆ ಕಲಿತು ಲಿವರ್‌ಪೂಲಿನ ಎವ್ರಿಮನ್ ರಂಗಮಂದಿರ ಸೇರಿದ. ಇಷ್ಟುದ್ದದ ಹೆಸರನ್ನು ದೀಪಗಳಲ್ಲಿ ಬರೆಸಿದರೆ ವಿದ್ಯುತ್ತಿನ ಖರ್ಚು ಕೊಡುವವರಾರು ಎಂದು ಜನ ಹಾಸ್ಯ ಮಾಡಿದರು, ಬದಲಿಸೆಂದರು. ಆತ ಒಪ್ಪಲಿಲ್ಲ.

1996ರ ‘ಬ್ರಾಸ್ಡ್ ಆಫ್’ ಚಿತ್ರವನ್ನು ನಾವು ನೋಡಬೇಕು. ಯಾರ್ಕ್‌ಷೈರಿನಲ್ಲಿ ಕಲ್ಲಿದ್ದಲ ಗಣಿಯೊಂದು ಮುಚ್ಚುತ್ತಿದೆ. ಗಣಿಯವರ ವಾದ್ಯವೃಂದದ ಮುಖಂಡ ಡ್ಯಾನಿಯ ಪಾತ್ರ ಪೀಟನದು. ಡ್ಯಾನಿಯ ಶ್ವಾಸಕೋಶವನ್ನು ಗಣಿಯ ಧೂಳು ತಿಂದಿದೆ. ಲಂಡನ್ನಿನ ಸ್ಪರ್ಧೆಯಲ್ಲಿ ಗೆದ್ದ ಮೇಲೆ, ಸಂಗೀತಕ್ಕಿಂತ ಮನುಷ್ಯರು ದೊಡ್ಡವರೆಂದು ಸಾರಿ, ಆತ ಪಾರಿತೋಷಕವನ್ನು ಬೇಡವೆನ್ನುತ್ತಾನೆ. ಇದು ಬರೀ ಕಟ್ಟುಕಥೆಯಲ್ಲ. ಚಿತ್ರಕ್ಕೆ ವಾದ್ಯ ನುಡಿಸಿದ್ದು ಗ್ರೈಮ್‌ಥಾರ್ಪ್ ಗಣಿಯ ವೃಂದವೇ. ಆ ಗಣಿ 1993ರಲ್ಲಿ ಮುಚ್ಚಿತ್ತು.

2008ರಲ್ಲಿ ಆತ ಅದೇ ಎವ್ರಿಮನ್ನಿನಲ್ಲಿ ಲಿಯರ್ ರಾಜನಾದ. 2011ರ ಜನವರಿ 2ರಂದು ತೀರಿಕೊಂಡ.

ಮಿತ್ರರೆ, ದುಡಿಯುವವನ ಸಂಕಟವನ್ನು ತೆರೆಯ ಮೇಲೆ ಹೇಳಲು ದುಡಿಯುವವರ ಮನೆಯ ಮುಖವೇ ಬೇಕಾಯಿತು. ಆ ಮುಖವನ್ನಾಗಲಿ, ಹೆಸರನ್ನಾಗಲಿ ಆತ ಯಾರಿಗಾಗಿಯೂ ತಿದ್ದಿಕೊಳ್ಳಲಿಲ್ಲ.